ಶಂಖದ ಮಾತು ಎಲ್ಲಿಯವರೆಗೆ ನಡೆಯುತ್ತದೆ? ‘ಲಾರ್ಡ್ ಆಫ್ ದಿ ಫ್ಲೈಸ್’ ಓದಿದ ಸರ್ವೇಯರ್ ಒಬ್ಬನ ಅಭಿಪ್ರಾಯ

‘ಲಾರ್ಡ್ ಆಫ್ ದಿ ಫ್ಲೈಸ್’ ಓದಿದವರನ್ನು ಅದು ಯಾವುದರ ಬಗ್ಗೆ ಅಂತ ಕೇಳಿ ನೋಡಿ. ಬಹಳಷ್ಟು ಜನ ಒಂದೇ ಉತ್ತರ ಕೊಡುತ್ತಾರೆ. ಮನುಷ್ಯನ ಒಳಗೊಂದು ಮೃಗ ಇದೆ, ಹೇಳೋರು ಕೇಳೋರು ಇಲ್ಲದಿದ್ದರೆ ಅದು ಹೊರಗೆ ಬರುತ್ತದೆ. ಪರೀಕ್ಷೆಯ ಗೈಡುಗಳಲ್ಲೂ ಇದೇ ಇರುತ್ತದೆ. ಬರೆದ ವಿಲಿಯಂ ಗೋಲ್ಡಿಂಗ್ ಕೂಡ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದರು. ನನಗೆ ಮಾತ್ರ ಈ ಉತ್ತರ ಸಾಲದು ಅನ್ನಿಸಿತು. ನನ್ನ ಕೆಲಸ ಜಮೀನು ಅಳೆಯುವುದು. ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಗುರುತಿಸಲು, ಹೋದಾಗ ಯಾರ ಮನಸ್ಸಿನಲ್ಲಿ ಎಷ್ಟು ಮೃಗ ಇದೆ ಅಂತ ನೋಡುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಯಾರ ಗದ್ದೆ ಮೇಲಿದೆ, ಯಾರದು ಕೆಳಗಿದೆ, ನೀರು ಯಾವ ಕಡೆಯಿಂದ ಬರುತ್ತದೆ, ಬಂಡಿದಾರಿ ಯಾರ ಬದುವಿನ ಮೇಲೆ ಹಾಯುತ್ತದೆ, ಅದನ್ನು ನೋಡಬೇಕು. ಜಗಳದ ಮುಕ್ಕಾಲು ಪಾಲು ಅಲ್ಲೇ ಇರುತ್ತದೆ. ಈ ಕಾದಂಬರಿಯಲ್ಲೂ ಅಲ್ಲೇ ಇದೆ ಅನ್ನುವುದು ನನ್ನ ವಾದ.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಯುದ್ಧದ ಕಾಲ. ಇಂಗ್ಲೆಂಡಿನ ಹುಡುಗರನ್ನು ಬೇರೆಡೆಗೆ ಸಾಗಿಸುತ್ತಿದ್ದ ವಿಮಾನ ಹೊಡೆತ ತಿಂದು, ಜನ ಇಲ್ಲದ ದ್ವೀಪವೊಂದರ ಮೇಲೆ ಬೀಳುತ್ತದೆ. ದೊಡ್ಡವರು ಯಾರೂ ಉಳಿಯುವುದಿಲ್ಲ. ಉಳಿದ ಹುಡುಗರಲ್ಲಿ ದೊಡ್ಡವರಿಗೆ 12 ವರ್ಷದ ಆಸುಪಾಸು, ಚಿಕ್ಕವರಿಗೆ 6. ಶಂಖ ಊದಿ ಎಲ್ಲರನ್ನೂ ಸೇರಿಸಿದ ರಾಲ್ಫ್ ನಾಯಕನಾಗುತ್ತಾನೆ. ಚರ್ಚಿನ ಹಾಡುಗಾರ ಹುಡುಗರ ಮುಖಂಡ ಜ್ಯಾಕ್ ತನ್ನ ತಂಡವನ್ನು ಕಟ್ಟಿಕೊಂಡು ಬೇಟೆಗೆ ಇಳಿಯುತ್ತಾನೆ. ದಪ್ಪ ಮೈಯ, ಉಬ್ಬಸದ, ಕನ್ನಡಕದ ಹುಡುಗ ಪಿಗ್ಗಿಗೆ ಬುದ್ಧಿ ಇದೆ, ಮರ್ಯಾದೆ ಇಲ್ಲ. ಸೈಮನ್ ಅಂತ ಇನ್ನೊಬ್ಬ, ಒಂಟಿ ಜೀವ. ಕೊನೆಗೆ ಎರಡು ಕೊಲೆ ಆಗುತ್ತವೆ. ಮುಂದೆ ಕಥೆಯನ್ನು ಪೂರ್ತಿ ಬಿಚ್ಚಿ ಹೇಳುತ್ತೇನೆ. 1954ರ ಪುಸ್ತಕ, ಮುಚ್ಚಿಡಲು ಏನೂ ಉಳಿದಿಲ್ಲ. ಆದರೂ ಓದದೆ ಇರುವವರು ಬೇಕಾದರೆ ಇಲ್ಲಿಗೇ ನಿಲ್ಲಿಸಿ, ಪುಸ್ತಕ ಮುಗಿಸಿ ಬನ್ನಿ.

ಮಗಳಿಗೆ ಡಿಗ್ರಿಯಲ್ಲಿ ಪಠ್ಯವಾಗಿದ್ದ ಪ್ರತಿ ನಾನು ಓದಿದ್ದು. ಅದರಲ್ಲಿ ನಕ್ಷೆ ಇಲ್ಲ. ಪುಟದ ಅಂಚಿನಲ್ಲಿ ಅವಳು ಪೆನ್ಸಿಲಿನಲ್ಲಿ ‘ಥೀಮ್’, ‘ಸಿಂಬಲ್’ ಅಂತ ಬರೆದುಕೊಂಡಿದ್ದಳು. ನಾನು ಅದರ ಪಕ್ಕದಲ್ಲೇ ಉತ್ತರ ದಿಕ್ಕಿಲ್ಲದ ಒಂದು ಕಚ್ಚಾ ನಕ್ಷೆ ಎಳೆಯಲು ಶುರು ಮಾಡಿದೆ. ಆಶ್ಚರ್ಯ ಅಂದರೆ ನಕ್ಷೆ ಸಲೀಸಾಗಿ ಕೂತುಕೊಂಡಿತು. ದ್ವೀಪ ದೋಣಿಯ ಆಕಾರದ್ದು. ಒಂದು ತುದಿಯ ಹತ್ತಿರ ಬೆಟ್ಟ. ಒಂದು ಪಕ್ಕ ಹವಳದ ದಿಬ್ಬ, ಅದರ ಒಳಗೆ ಅಲೆ ಇಲ್ಲದ ನೀರು, ದಡದಲ್ಲಿ ಮರಳು. ವಿಮಾನ ಉಜ್ಜಿಕೊಂಡು ಹೋದ ಕಡೆ ಕಾಡಿನಲ್ಲಿ ಉದ್ದಕ್ಕೆ ಒಂದು ಗಾಯದ ಗೆರೆ. ಮರಳಿನ ಪಕ್ಕ ಗುಲಾಬಿ ಬಣ್ಣದ ಕಲ್ಲಿನ ಕಟ್ಟೆ. ಇನ್ನೊಂದು ತುದಿಯಲ್ಲಿ ದ್ವೀಪಕ್ಕೆ ಅಂಟಿಯೂ ಅಂಟದ ಹಾಗೆ ನಿಂತ ಕೋಟೆಯಂಥ ಬಂಡೆ. ಇಷ್ಟು ಜಾಗ ಸಾಕು, ಕಥೆ ಪೂರ್ತಿ ನಡೆದುಹೋಗುತ್ತದೆ.

ಮೊದಲು ಕಟ್ಟೆ ನೋಡೋಣ. ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಅತಿ ಜಾಣತನದಿಂದ ಕಟ್ಟಿದ ಜಾಗ ಇದೇ. ಮರಳಿನಿಂದ 4 ಅಡಿ ಎತ್ತರ. ಮೇಲೆ ತೆಳುವಾದ ಮಣ್ಣು, ಒರಟು ಹುಲ್ಲು, ಎಳೆಯ ತಾಳೆಮರಗಳು. ಮಣ್ಣಿನ ಆಳ ಸಾಲದೆ ಆ ಮರಗಳು 20 ಅಡಿ ಬೆಳೆಯುವಷ್ಟರಲ್ಲಿ ಬಿದ್ದು ಒಣಗುತ್ತವೆ. ಬಿದ್ದ ಮರಗಳೇ ಹುಡುಗರಿಗೆ ಬೆಂಚು. ಐದನೇ ಅಧ್ಯಾಯದಲ್ಲಿ ಗೋಲ್ಡಿಂಗ್ ಈ ಬೆಂಚುಗಳ ಜೋಡಣೆಯನ್ನು ಮಹಜರು ಬರೆದಷ್ಟು ನಿಖರವಾಗಿ ಬರೆಯುತ್ತಾರೆ. ಜಾಗ ಒಂದು ಓರೆಕೋರೆ ತ್ರಿಕೋನ. ಬುಡದಲ್ಲಿ ದೊಡ್ಡ ದಿಮ್ಮಿ, ಅದು ನಾಯಕನದ್ದು. ಬಲಕ್ಕೆ ಕೂತು ಕೂತು ನುಣುಪಾದ ಇನ್ನೊಂದು ದಿಮ್ಮಿ. ಎಡಕ್ಕೆ ನಾಲ್ಕು ಸಣ್ಣವು. ಅದರಲ್ಲಿ ಕೊನೆಯದು ಅಲುಗಾಡುತ್ತದೆ. ಸಭೆ ನಡೆಯುವಾಗ ಯಾರಾದರೂ ಜಾಸ್ತಿ ಹಿಂದಕ್ಕೆ ಒರಗಿದರೆ ಸಾಕು, ದಿಮ್ಮಿ ಮಗುಚಿ ಐದಾರು ಹುಡುಗರು ಹುಲ್ಲಿಗೆ ಬೀಳುತ್ತಾರೆ, ಎಲ್ಲರೂ ನಗುತ್ತಾರೆ. ಒಂದು ಕಲ್ಲು ತಂದು ಸಂದಿಗೆ ಇಟ್ಟರೆ ಮುಗಿಯಿತು. ಆದರೆ ಇಷ್ಟು ದಿನವಾದರೂ ಯಾರಿಗೂ ಅದು ಹೊಳೆದಿಲ್ಲ.

ಆ ಒಂದು ಕಲ್ಲು ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ನಾಯಕನ ದಿಮ್ಮಿ ಗಟ್ಟಿ, ಕೊನೆಯ ಸಾಲಿನದು ಅಲುಗಾಡುತ್ತದೆ. ಅಲ್ಲಿ ಕೂತವರು ಬಿದ್ದರೆ ಅದು ಮನರಂಜನೆ. ಇಲ್ಲಿ ಯಾರೂ ಕೆಟ್ಟವರಲ್ಲ. ಗಟ್ಟಿ ಜಾಗದಲ್ಲಿ ಕೂತವರಿಗೆ ಅಲುಗಾಟ ಗೊತ್ತಾಗುವುದಿಲ್ಲ, ಅಷ್ಟೇ. ಇನ್ನೊಂದು ವಿವರವೂ ಇದೆ. ರಾಲ್ಫ್ ಕೂತಾಗ ಅವನ ಬೆನ್ನಿಗೆ ನೀರಿನ ಮಿನುಗು, ಮುಖಕ್ಕೆ ದ್ವೀಪ. ಅವನಿಗೆ ಎಲ್ಲರ ಮುಖ ಕಾಣುತ್ತದೆ. ಎದುರು ಕೂತವರಿಗೆ ಅವನು ಒಂದು ಕಪ್ಪು ಆಕೃತಿ. ನಮ್ಮ ಕಚೇರಿಗಳಲ್ಲಿ ಸಾಹೇಬರ ಕುರ್ಚಿ ಕಿಟಕಿಗೆ ಬೆನ್ನು ಮಾಡಿ ಇರುತ್ತದಲ್ಲ, ಅದೇ ವ್ಯವಸ್ಥೆ. ಒಳ್ಳೆಯ ನಾಯಕ ರಾಲ್ಫ್ ಕೂಡ ಬೆಳಕಿನ ಲಾಭ ತೆಗೆದುಕೊಂಡೇ ಕೂತಿದ್ದಾನೆ. ಅವನಿಗೇ ಅದು ಗೊತ್ತಿಲ್ಲ. ಒಂದು ಸಂಜೆ ಮಾತ್ರ ಹೊತ್ತು ಮೀರಿ ಸಭೆ ಕರೆದಾಗ ಸೂರ್ಯನ ಬೆಳಕು ಕೆಳಗಿನಿಂದ ಬೀಳುತ್ತದೆ. ಮುಖಗಳೆಲ್ಲ ಬೇರೆ ಥರ ಕಾಣುತ್ತವೆ. ಬೆಳಕು ಮೇಲಿಂದ ಬಿದ್ದರೆ ಒಂದು ಮುಖ, ಕೆಳಗಿಂದ ಬಿದ್ದರೆ ಇನ್ನೊಂದು, ಹಾಗಾದರೆ ಮುಖ ಅಂದರೆ ಏನು ಅಂತ ರಾಲ್ಫ್ ಯೋಚಿಸುತ್ತಾನೆ. ಆ ಸಭೆಯೇ ಕೈ ಜಾರುತ್ತದೆ.

ಈಗ ಶಂಖಕ್ಕೆ ಬರೋಣ. ನಿಯಮ ಸರಳ. ಶಂಖ ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು, ಉಳಿದವರು ಕೇಳಬೇಕು. ವಿಮರ್ಶಕರು ಶಂಖ ಅಂದರೆ ಪ್ರಜಾಪ್ರಭುತ್ವ ಅಂತ ಹೇಳಿ ಮುಂದೆ ಹೋಗಿಬಿಡುತ್ತಾರೆ. ನಾನು ಕೇಳುವ ಪ್ರಶ್ನೆ ಬೇರೆ. ಈ ಶಂಖದ ಸರಹದ್ದು ಯಾವುದು? ಇದನ್ನು ನಾನು ಸುಮ್ನೆ ಎತ್ತುತ್ತಿಲ್ಲ, ಹುಡುಗರೇ ಎತ್ತುತ್ತಾರೆ. ಎರಡನೇ ಅಧ್ಯಾಯದಲ್ಲಿ ಎಲ್ಲರೂ ಬೆಟ್ಟದ ತುದಿಗೆ ಓಡಿ, ದೂರದ ಹಡಗಿಗೆ ಕಾಣಲಿ ಅಂತ ಬೆಂಕಿ ಹಚ್ಚುತ್ತಾರೆ. ಪಿಗ್ಗಿ ಏದುಸಿರು ಬಿಡುತ್ತಾ ಹಿಂದಿನಿಂದ ಬಂದು, ಶಂಖ ನನ್ನ ಕೈಯಲ್ಲಿದೆ, ಮಾತಾಡಲು ಬಿಡಿ ಅನ್ನುತ್ತಾನೆ. ಬೆಟ್ಟದ ಮೇಲೆ ಶಂಖ ಲೆಕ್ಕಕ್ಕಿಲ್ಲ, ಬಾಯಿ ಮುಚ್ಚು ಅಂತ ಜ್ಯಾಕ್ ಹೇಳುತ್ತಾನೆ. ಶಂಖ ಎಲ್ಲಿದೆಯೋ ಅಲ್ಲೇ ಸಭೆ, ಕೆಳಗೆ ಹೇಗೋ ಮೇಲೂ ಹಾಗೆ ಅಂತ ರಾಲ್ಫ್ ತೀರ್ಪು ಕೊಡುತ್ತಾನೆ. ಕಾಗದದ ಮೇಲೆ ತೀರ್ಪು ಸರಿಯಾಗಿದೆ. ಸ್ಥಳದಲ್ಲಿ ಅದು ಜಾರಿಯಾಗುವುದಿಲ್ಲ. ಸರ್ವೇ ಇಲಾಖೆಯಲ್ಲಿ ಕೆಲಸ ಮಾಡಿದ ಯಾರಿಗಾದರೂ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಒಂಬತ್ತನೇ ಅಧ್ಯಾಯದಲ್ಲಿ ಇದೇ ಮಾತು ಮತ್ತೆ ಬರುತ್ತದೆ. ಅಷ್ಟರಲ್ಲಿ ಜ್ಯಾಕ್ ಬೇರೆಯಾಗಿ ತನ್ನ ಗುಂಪು ಕಟ್ಟಿದ್ದಾನೆ. ಹಂದಿ ಹೊಡೆದು ಔತಣ ಇಟ್ಟಿದ್ದಾನೆ. ದೊಡ್ಡ ದಿಮ್ಮಿಯ ಮೇಲೆ ಮೈಗೆ ಬಣ್ಣ ಬಳಿದುಕೊಂಡು, ಹಾರ ಹಾಕಿಕೊಂಡು ವಿಗ್ರಹದ ಹಾಗೆ ಕೂತಿದ್ದಾನೆ. ಹಸಿದ ರಾಲ್ಫ್ ಮತ್ತು ಪಿಗ್ಗಿ ಅಲ್ಲಿಗೆ ಹೋಗಿ ಮಾಂಸ ತಿನ್ನುತ್ತಾರೆ. ಮಾತು ಬೆಳೆದಾಗ ರಾಲ್ಫ್ ಶಂಖದ ಮಾತೆತ್ತುತ್ತಾನೆ. ದ್ವೀಪದ ಈ ತುದಿಯಲ್ಲಿ ಶಂಖ ಲೆಕ್ಕಕ್ಕಿಲ್ಲ ಅನ್ನುತ್ತಾನೆ ಜ್ಯಾಕ್. ಮೊದಲ ಸಲ ಬೆಟ್ಟ, ಎರಡನೇ ಸಲ ಈ ತುದಿ. ನಿಯಮವನ್ನು ಅವನು ಎಲ್ಲೂ ರದ್ದು ಮಾಡುವುದಿಲ್ಲ. ಅದಕ್ಕೊಂದು ಗಡಿ ಹಾಕುತ್ತಾನೆ, ಗಡಿಯನ್ನು ಮೆಲ್ಲಗೆ ಕಿರಿದು ಮಾಡುತ್ತಾ ಬರುತ್ತಾನೆ. ಒತ್ತುವರಿ ನಡೆಯುವುದೇ ಹೀಗೆ. ಯಾರೂ ಬಂದು ನಿನ್ನ ಜಮೀನು ನನ್ನದು ಅನ್ನುವುದಿಲ್ಲ. ಬದು ಒಂದು ಅಡಿ ಸರಿಯುತ್ತದೆ. ಮುಂದಿನ ಮಳೆಗಾಲಕ್ಕೆ ಇನ್ನೊಂದು ಅಡಿ.

ಜ್ಯಾಕ್ ಹೊರಟುಹೋದ ರೀತಿಯನ್ನೂ ನೋಡಬೇಕು. ಕಟ್ಟೆಯ ಮೇಲೆ ಅವನು ರಾಲ್ಫ್‌ನನ್ನು ಕೆಳಗಿಳಿಸಲು ಮತ ಕೇಳುತ್ತಾನೆ. ಒಂದು ಕೈಯೂ ಏಳುವುದಿಲ್ಲ. ಅವಮಾನವಾಗಿ, ಇನ್ನು ನಾನು ಈ ಆಟಕ್ಕಿಲ್ಲ ಅಂತ ಮರಳಿನ ಮೇಲೆ ನಡೆದುಹೋಗುತ್ತಾನೆ. ಮತದಲ್ಲಿ ಗೆದ್ದದ್ದು ರಾಲ್ಫ್. ಆದರೆ ಕೈ ಎತ್ತದೆ ಸುಮ್ಮನೆ ಕೂತಿದ್ದ ದೊಡ್ಡ ಹುಡುಗರು ಆಮೇಲೆ ಒಬ್ಬೊಬ್ಬರೇ ಜಾಗ ಖಾಲಿ ಮಾಡುತ್ತಾರೆ. ಎಲ್ಲರೆದುರು ಕಟ್ಟೆಯ ಮೇಲೆ ಹೇಳಲಾಗದ್ದನ್ನು ಕಾಲು ಹೇಳುತ್ತದೆ. ಈ ಅಧ್ಯಾಯ ಓದುವಾಗ ನನಗೆ ಊರಿನ ಎಷ್ಟೋ ಪಂಚಾಯ್ತಿಗಳು ನೆನಪಾದವು. ಅರಳಿಕಟ್ಟೆಯಲ್ಲಿ ಎಲ್ಲರೂ ಹೂಂ ಅಂದಿರುತ್ತಾರೆ. ಮಾರನೇ ದಿನ ಕಲ್ಲು ನೆಡಲು ಹೋದರೆ ಹಿಡಿದುಕೊಳ್ಳಲು ಒಬ್ಬರೂ ಇರುವುದಿಲ್ಲ.

ಹಾಗಾದರೆ ಜ್ಯಾಕ್ ಹೋಗಿ ಸೇರಿದ ಜಾಗ ಎಂಥದ್ದು? ಆರನೇ ಅಧ್ಯಾಯದಲ್ಲೇ ಇಬ್ಬರೂ ಆ ಬಂಡೆಯನ್ನು ಒಟ್ಟಿಗೆ ನೋಡಿರುತ್ತಾರೆ. ದ್ವೀಪದಿಂದ ಅಲ್ಲಿಗೆ ಹೋಗಲು ಕೆಲವೇ ಗಜ ಅಗಲದ, ಸುಮಾರು 15 ಗಜ ಉದ್ದದ ಕಲ್ಲಿನ ಹಾದಿ. ಎರಡೂ ಕಡೆ ಸಮುದ್ರ. ಒಂದೇ ಜಾಗವನ್ನು ಇಬ್ಬರು ಎರಡು ಥರ ಅಳೆಯುತ್ತಾರೆ. ದರಿದ್ರ ಜಾಗ, ತಿನ್ನಲು ಇಲ್ಲ, ಇರಲು ನೆರಳಿಲ್ಲ, ಕುಡಿಯುವ ನೀರೂ ಅಷ್ಟಕ್ಕಷ್ಟೇ ಅನ್ನುತ್ತಾನೆ ರಾಲ್ಫ್. ಎಂಥ ಕೋಟೆ ಕಟ್ಟಬಹುದು ಅನ್ನುತ್ತಾನೆ ಜ್ಯಾಕ್. ಮೇಲಿಂದ ಕಲ್ಲು ಉರುಳಿಸಿದರೆ ಹಾದಿಯಲ್ಲಿ ಬಂದವರ ಕಥೆ ಮುಗಿಯಿತು ಅಂತ ಅವನಿಗೆ ಆಗಲೇ ಕಂಡಿದೆ. ಕೃಷಿ ಮಾಡುವವನ ಕಣ್ಣಿಗೆ ಅದು ಕರಾಬು, ಬೆಳೆ ಬಾರದ ನೆಲ. ಕಾವಲು ಕೂರುವವನ ಕಣ್ಣಿಗೆ ಬಂಗಾರ. ಬದುಕಿ ಉಳಿಯುವುದೇ ಮುಖ್ಯ ಆಗಿದ್ದರೆ ರಾಲ್ಫ್ ಲೆಕ್ಕವೇ ಸರಿ. ಆದರೆ ಹೆದರಿದ ಮಕ್ಕಳಿಗೆ ಒಂದೇ ಬಾಗಿಲಿನ ಜಾಗ ಬೇಕು. ಕಡಲದಡದಲ್ಲಿ ರಾಲ್ಫ್ ಕಟ್ಟಿದ ಗುಡಿಸಲುಗಳಿಗೆ ಬೇಲಿ ಇಲ್ಲ, ಗಟ್ಟಿ ಗೋಡೆ ಇಲ್ಲ. ಮೊದಲನೇ ಗುಡಿಸಲಿಗೆ ಎಲ್ಲರೂ ಕೈ ಹಾಕಿದರು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವನು ಮತ್ತು ಸೈಮನ್ ಇಬ್ಬರೇ ಉಳಿದಿದ್ದರು. ಅದು ಅಲ್ಲಾಡುತ್ತದೆ.

ಭಯ ಎಲ್ಲಿಂದ ಬಂತು ಅನ್ನುವುದಕ್ಕೂ ಜಾಗದ್ದೇ ಉತ್ತರ. ಮೇಲೆ ಆಕಾಶದಲ್ಲಿ ನಡೆದ ಕಾಳಗದಿಂದ ಸತ್ತ ಸೈನಿಕನೊಬ್ಬ ಪ್ಯಾರಾಚೂಟಿನ ಸಮೇತ ಬೆಟ್ಟದ ಮೇಲೆ ಬೀಳುತ್ತಾನೆ. ಗಾಳಿ ಎಳೆದಾಗ ಎದ್ದು ಕೂರುತ್ತಾನೆ, ಬಿಟ್ಟಾಗ ಬಾಗುತ್ತಾನೆ. ಹುಡುಗರು ಅದನ್ನೇ ಮೃಗ ಅಂದುಕೊಳ್ಳುತ್ತಾರೆ. ಅಷ್ಟಕ್ಕೇ ಬೆಟ್ಟ ಕೈ ತಪ್ಪಿತು. ಬೆಟ್ಟ ಹೋದರೆ ಹಡಗಿಗೆ ಕಾಣುವ ಬೆಂಕಿಯೂ ಹೋಯಿತು. ದೊಡ್ಡವರ ಯುದ್ಧದ ಒಂದು ಹೆಣ ಮಕ್ಕಳ ಅತಿ ಎತ್ತರದ ಜಾಗವನ್ನು ಆಕ್ರಮಿಸಿಕೊಂಡು ಕೂತುಬಿಟ್ಟಿತು. ಬೆಂಕಿಯನ್ನು ಕೆಳಗೆ ದಡದಲ್ಲೇ ಹಚ್ಚೋಣ ಅಂತ ಹೇಳುವ ಧೈರ್ಯ ಬಂದದ್ದು ಪಿಗ್ಗಿಗೆ ಮಾತ್ರ. ಅವನನ್ನು ಮೊದಲ ದಿನ ದ್ವೀಪ ಸುತ್ತಲು ಕರೆದುಕೊಂಡು ಹೋಗಿರಲಿಲ್ಲ. ಹೆಸರು ಬರೆದುಕೊಳ್ಳುವ ಗುಮಾಸ್ತನ ಕೆಲಸ ಕೊಟ್ಟು ಕೆಳಗೇ ಬಿಟ್ಟಿದ್ದರು. ಬೆಟ್ಟ ಅವನದ್ದಾಗಿ ಯಾವತ್ತೂ ಇರಲಿಲ್ಲ. ಹಾಗಾಗಿ ಬೆಟ್ಟ ಇಲ್ಲದೆ ಯೋಚಿಸುವುದು ಅವನಿಗೆ ಸಾಧ್ಯವಾಯಿತು.

ಇಲ್ಲಿ ಒಂದು ತಕರಾರು. ದ್ವೀಪದಲ್ಲಿ ಬೆಂಕಿ ಹಚ್ಚುವುದು ಪಿಗ್ಗಿಯ ಕನ್ನಡಕದ ಗಾಜಿನಿಂದ. ಆದರೆ ಪಿಗ್ಗಿಗೆ ದೂರದ್ದು ಕಾಣುವುದಿಲ್ಲ. ಅಂಥವರ ಗಾಜು ನಡುವೆ ತೆಳುವಾಗಿರುತ್ತದೆ, ಬಿಸಿಲನ್ನು ಹರಡುತ್ತದೆಯೇ ಹೊರತು ಒಂದು ಚುಕ್ಕೆಗೆ ಕೂಡಿಸುವುದಿಲ್ಲ. ಅಳತೆಯ ದುರ್ಬೀನು ಥಿಯೋಡಲೈಟ್ ಹಿಡಿದ ಕೈ ನನ್ನದು, ಇದು ಕಣ್ಣಿಗೆ ಕುಟುಕಿತು. ಈ ತಪ್ಪನ್ನು ಬಹಳ ಜನ ಮೊದಲೇ ಹಿಡಿದಿದ್ದಾರೆ. ಕಥೆಗೆ ಏನೂ ಧಕ್ಕೆ ಇಲ್ಲ ಬಿಡಿ.

ನನಗೆ ಈ ಪುಸ್ತಕದಲ್ಲಿ ಅತಿ ಇಷ್ಟವಾದ ಅಳತೆ ನಾಲ್ಕನೇ ಅಧ್ಯಾಯದಲ್ಲಿದೆ. ಹೆನ್ರಿ ಅನ್ನುವ ಪುಟ್ಟ ಹುಡುಗ ನೀರಿನಂಚಿನಲ್ಲಿ ಆಡುತ್ತಾ ಕುಕ್ಕರಗಾಲಲ್ಲಿ ಕೂತಿದ್ದಾನೆ. ರೋಜರ್ ಅನ್ನುವವನು ಮರದ ಮರೆಯಿಂದ ಅವನ ಕಡೆಗೆ ಕಲ್ಲು ಎಸೆಯುತ್ತಾನೆ. ಎಸೆಯುತ್ತಾನೆ, ಆದರೆ ತಾಗದ ಹಾಗೆ. ಹೆನ್ರಿಯ ಸುತ್ತ ಸುಮಾರು 6 ಗಜ ವ್ಯಾಸದ ಒಂದು ವೃತ್ತ ಇದೆ, ಅದರೊಳಗೆ ಕಲ್ಲು ಹಾಕಲು ಅವನಿಗೆ ಧೈರ್ಯವಿಲ್ಲ. ಹಳೆಯ ಬದುಕಿನ ಅಪ್ಪ ಅಮ್ಮ, ಶಾಲೆ, ಪೊಲೀಸು, ಕಾನೂನು ಎಲ್ಲ ಕಣ್ಣಿಗೆ ಕಾಣದೆ ಆ ವೃತ್ತದ ಗೆರೆಯಾಗಿ ನಿಂತಿವೆ. 6 ಗಜ ಅಂದರೆ 18 ಅಡಿ. ನಾನು ಲೆಕ್ಕ ಹಾಕಿದೆ. ಆ ವೃತ್ತ ಸುಮಾರು 254 ಚದರ ಅಡಿ, ಕಾಲು ಗುಂಟೆಗೂ ಕಮ್ಮಿ. ಇಡೀ ಇಂಗ್ಲೆಂಡಿನ ಸರ್ಕಾರ ಆ ದ್ವೀಪದಲ್ಲಿ ಉಳಿದಿದ್ದು ಅಷ್ಟೇ ಜಾಗದಲ್ಲಿ.

ಆಮೇಲೆ ಅದೂ ಹೋಗುತ್ತದೆ. ಹನ್ನೊಂದನೇ ಅಧ್ಯಾಯ. ಜ್ಯಾಕ್‌ನ ಗುಂಪು ರಾತ್ರಿ ದಾಳಿ ಮಾಡಿ ಪಿಗ್ಗಿಯ ಕನ್ನಡಕ ಕದ್ದಿದೆ. ಶಂಖಕ್ಕೆ ಬಂದಿರಬೇಕು ಅಂತ ಪಿಗ್ಗಿ ಅಂದುಕೊಂಡಿದ್ದ. ಅವರು ಅದನ್ನು ಮುಟ್ಟಿಯೂ ಇಲ್ಲ. ಅವರ ತುದಿಯಲ್ಲಿ ಶಂಖಕ್ಕೆ ಬೆಲೆಯೇ ಇಲ್ಲವಲ್ಲ, ಯಾಕೆ ಹೊತ್ತುಕೊಂಡು ಹೋಗಬೇಕು? ಬೆಂಕಿ ಹಚ್ಚುವ ಗಾಜಿಗೆ ಮಾತ್ರ ದ್ವೀಪದ ಎರಡೂ ತುದಿಯಲ್ಲಿ ಬೆಲೆ. ಕನ್ನಡಕ ವಾಪಸ್ ಕೇಳಲು ರಾಲ್ಫ್, ಪಿಗ್ಗಿ, ಅವಳಿ ಹುಡುಗರಾದ ಸ್ಯಾಮ್ ಮತ್ತು ಎರಿಕ್ ಆ ಕಲ್ಲಿನ ಹಾದಿಗೆ ಹೋಗುತ್ತಾರೆ. ಕಣ್ಣು ಕಾಣದ ಪಿಗ್ಗಿ ಶಂಖ ಹಿಡಿದು ಬಂಡೆಗೆ ಅವುಚಿಕೊಂಡು ನಿಂತಿದ್ದಾನೆ. ಎದುರು ಬಣ್ಣ ಬಳಿದ ಮುಖಗಳು. ತುಂಬಾ ಮೇಲೆ, ಸನ್ನೆಗೋಲಿನ ಪಕ್ಕ ರೋಜರ್. ಅವನು ಮೇಲಿಂದ ನೋಡಿದಾಗ ರಾಲ್ಫ್ ಒಂದು ಕೆದರಿದ ತಲೆಗೂದಲು, ಪಿಗ್ಗಿ ಒಂದು ಕೊಬ್ಬಿನ ಚೀಲ. ಗೋಲ್ಡಿಂಗ್ ಇಷ್ಟನ್ನೇ ಒಂದು ಸಣ್ಣ ವಾಕ್ಯದಲ್ಲಿ ಹೇಳುತ್ತಾರೆ. ದಡದಲ್ಲಿ ಸಮತಟ್ಟಾಗಿ ನಿಂತು ನೋಡಿದಾಗ ಹೆನ್ರಿ ಒಬ್ಬ ಹುಡುಗ, ಸುತ್ತ ವೃತ್ತ ಇತ್ತು. ಅಷ್ಟು ಎತ್ತರದಿಂದ ನೋಡಿದರೆ ವೃತ್ತವೂ ಇಲ್ಲ, ಹುಡುಗನೂ ಇಲ್ಲ. ಅವನು ಸನ್ನೆಗೋಲಿನ ಮೇಲೆ ಭಾರ ಹಾಕುತ್ತಾನೆ. ಬಂಡೆ ಉರುಳಿ ಪಿಗ್ಗಿಗೆ ಬಡಿಯುತ್ತದೆ, ಶಂಖ ಪುಡಿಯಾಗುತ್ತದೆ. ಪಿಗ್ಗಿ 40 ಅಡಿ ಕೆಳಗೆ ಬೀಳುತ್ತಾನೆ.

ರೋಜರ್ ಮೊದಲಿಂದಲೂ ಕ್ರೂರಿ, ನಿಜ. ಆದರೆ ಅವನಿಗೆ ಆ ಎತ್ತರ, ಆ ಸನ್ನೆಗೋಲು, ಆ ಇಕ್ಕಟ್ಟಿನ ಹಾದಿ ಇಲ್ಲದಿದ್ದರೆ? ದಡದಲ್ಲಿ ಅದೇ ರೋಜರ್ ಇದ್ದ, ಅದೇ ಕಲ್ಲುಗಳಿದ್ದವು. ಕೈ ತಾನಾಗಿ ಪಕ್ಕಕ್ಕೆ ತಿರುಗುತ್ತಿತ್ತು. ಒಳಗಿನ ಮೃಗದ ಕಥೆ ಹೇಳುವವರು ಈ ಎರಡು ದೃಶ್ಯಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು ಅನ್ನುವುದು ನನ್ನ ಕೋರಿಕೆ.

ಸೈಮನ್ ಸಾವಿನ ಬಗ್ಗೆಯೂ ಒಂದು ಮಾತು. ಬೆಟ್ಟ ಹತ್ತಿ ನೋಡಿ, ಮೃಗ ಅಲ್ಲ, ಬರೀ ಹೆಣ ಅಂತ ತಿಳಿದುಕೊಂಡವನು ಅವನೊಬ್ಬನೇ. ಆ ಸುದ್ದಿ ಹೊತ್ತು ಅವನು ತೆವಳಿಕೊಂಡು ಬಂದು ಬೀಳುವುದು ಮಳೆ ಗುಡುಗಿನ ರಾತ್ರಿ, ಕುಣಿಯುತ್ತಿರುವ ಹುಡುಗರ ವೃತ್ತದ ಮಧ್ಯಕ್ಕೆ. ಅಲ್ಲಿ ರಾಲ್ಫ್ ಮತ್ತು ಪಿಗ್ಗಿಯೂ ಇದ್ದರು. ಮಾರನೇ ದಿನ ಪಿಗ್ಗಿ ಹೇಳುವ ಸಮಾಧಾನ ಏನು ಗೊತ್ತಾ? ನಾವು ವೃತ್ತದ ಹೊರಗಿದ್ದೆವು, ನಾವೇನೂ ಮಾಡಲಿಲ್ಲ, ಏನೂ ನೋಡಲಿಲ್ಲ. ಎಷ್ಟೋ ಮಹಜರುಗಳಲ್ಲಿ ಸಾಕ್ಷಿ ಹೇಳಲು ಬಂದವರ ಬಾಯಲ್ಲಿ ನಾನು ಕೇಳಿದ ವಾಕ್ಯ ಇದು. ಇಡೀ ದ್ವೀಪದಲ್ಲೇ ಬುದ್ಧಿವಂತ ಅನ್ನಿಸಿಕೊಂಡ ಹುಡುಗ, ತಾನು ಎಲ್ಲಿ ನಿಂತಿದ್ದೆ ಅನ್ನುವುದನ್ನು ನಾಲ್ಕು ಹೆಜ್ಜೆ ಆಚೆಗೆ ಸರಿಸಿಕೊಂಡು ಪಾರಾಗಲು ನೋಡುತ್ತಾನೆ. ಪುಸ್ತಕದ ಅತಿ ಕಹಿಯಾದ ಸಾಲು ನನಗೆ ಇದೇ.

ಕೊನೆಯ ಅಧ್ಯಾಯದಲ್ಲಿ ರಾಲ್ಫ್‌ನನ್ನು ಹೊರಗೆ ಎಳೆಯಲು ಜ್ಯಾಕ್ ಕಾಡಿಗೇ ಬೆಂಕಿ ಇಡುತ್ತಾನೆ. ಆ ಹೊಗೆ ನೋಡಿ ನೌಕಾಪಡೆಯ ಹಡಗು ಬರುತ್ತದೆ. ಬಿಳಿ ಟೋಪಿಯ ಅಧಿಕಾರಿ ದಡದಲ್ಲಿ ನಿಂತಿದ್ದಾನೆ. ಕೋಲು ಹಿಡಿದು ಓಡಿಬಂದ ಬೇಟೆಗಾರರು ಅವನ ಎದುರು ಒಮ್ಮೆಲೇ ಚಿಕ್ಕ ಮಕ್ಕಳಾಗಿಬಿಡುತ್ತಾರೆ. ಸಲೀಸಾಗಿ ಮುಗಿಸಿಬಿಟ್ಟರು ಅಂತ ಕೆಲವರು ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಅಧಿಕಾರಿಯ ಸೊಂಟದಲ್ಲಿ ರಿವಾಲ್ವರ್ ಇದೆ, ಹಿಂದೆ ಯುದ್ಧನೌಕೆ ಇದೆ. ದ್ವೀಪದ ನಕ್ಷೆಯನ್ನು ಇನ್ನೂ ದೊಡ್ಡ ನಕ್ಷೆಯೊಳಗೆ ಕೂರಿಸಿದ ಹಾಗೆ ಆಯಿತು. ಅಲ್ಲೂ ಬೇಟೆಯೇ ನಡೆದಿದೆ. ಪರ್ಸಿವಲ್ ಅನ್ನುವ ಪುಟಾಣಿ ಮೊದಲೆಲ್ಲ ಯಾರು ಕೇಳಿದರೂ ತನ್ನ ಹೆಸರು, ಮನೆ, ಊರು, ಫೋನ್ ಇದೆ ಅನ್ನುವುದನ್ನೂ ಸೇರಿಸಿ ಬಾಯಿಪಾಠ ಒಪ್ಪಿಸುತ್ತಿದ್ದ. ಅಧಿಕಾರಿಯ ಮುಂದೆ ಬಾಯಿ ತೆರೆದರೆ ಹೆಸರೇ ಬರುವುದಿಲ್ಲ. ವಿಳಾಸ ಅಳಿಸಿಹೋಗಿದೆ. ಇಷ್ಟು ಸಣ್ಣ ವಿವರದಲ್ಲಿ ಇಷ್ಟು ಹೇಳಿದ್ದಕ್ಕೆ ಗೋಲ್ಡಿಂಗ್‌ಗೆ ಕೈ ಮುಗಿಯಬೇಕು.

ಗೋಲ್ಡಿಂಗ್ ಸಾಲಿಸ್‌ಬರಿಯಲ್ಲಿ ಗಂಡುಹುಡುಗರ ಶಾಲೆಯ ಮೇಷ್ಟ್ರಾಗಿದ್ದವರು, ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ಇದ್ದವರು. 1983ರಲ್ಲಿ ನೊಬೆಲ್ ಬಂತು. ಬೆಂಚಿನ ಮೇಲೆ ಯಾರು ಎಲ್ಲಿ ಕೂರುತ್ತಾರೆ, ಹಡಗಿನ ಡೆಕ್ ಮೇಲೆ ಯಾರು ಎಲ್ಲಿ ನಿಲ್ಲಬಹುದು, ಎರಡನ್ನೂ ನೋಡಿದ ಕಣ್ಣು. 1857ರಲ್ಲಿ ಬಂದ ‘ದಿ ಕೋರಲ್ ಐಲ್ಯಾಂಡ್’ ಕಾದಂಬರಿಯಲ್ಲಿ ದ್ವೀಪಕ್ಕೆ ಸಿಕ್ಕಿಕೊಂಡ ಮೂವರು ಬ್ರಿಟಿಷ್ ಹುಡುಗರು ಜಾಣರಾಗಿ, ಗೆಳೆಯರಾಗಿ ಬದುಕುತ್ತಾರೆ. ಅಲ್ಲೂ ರಾಲ್ಫ್, ಜ್ಯಾಕ್ ಅನ್ನುವ ಹೆಸರುಗಳಿವೆ. ಗೋಲ್ಡಿಂಗ್ ಅದಕ್ಕೆ ಉತ್ತರವಾಗಿ ಇದನ್ನು ಬರೆದರು. ಆ ಹಳೆಯ ಕಥೆಯಲ್ಲಿ ಕೇಡು ಹೊರಗಿನಿಂದ, ಕಡಲುಗಳ್ಳರು ಮತ್ತು ‘ಕಾಡುಜನ’ರ ರೂಪದಲ್ಲಿ ಬರುತ್ತದೆ.

ಹುಡುಗರು ನಿಜವಾಗಿ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ಕೇಳುವವರಿಗೆ ಪೆಸಿಫಿಕ್ ಸಾಗರದ ದ್ವೀಪದೇಶ ಟೊಂಗಾದ ಉದಾಹರಣೆ ಇದೆ. 1965ರಲ್ಲಿ ಟೊಂಗಾದ ಆರು ಶಾಲಾ ಹುಡುಗರು ದೋಣಿ ಕದ್ದು ಹೊರಟು, ಬಿರುಗಾಳಿಗೆ ಸಿಕ್ಕಿ ಅಟಾ ಅನ್ನುವ ನಿರ್ಜನ ದ್ವೀಪ ಸೇರಿದರು. ಸುಮಾರು 15 ತಿಂಗಳು ಬದುಕಿದರು. 1966ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಪೀಟರ್ ವಾರ್ನರ್ ತಮ್ಮ ದೋಣಿಯಲ್ಲಿ ಬಂದು ಅವರನ್ನು ಕಂಡರು. ಯಾರೂ ಯಾರನ್ನೂ ಕೊಂದಿರಲಿಲ್ಲ. ಒಬ್ಬನ ಕಾಲು ಮುರಿದಾಗ ಉಳಿದವರೇ ಕಟ್ಟಿದ್ದರು. ಬೆಂಕಿ ಆರಲು ಬಿಟ್ಟಿರಲಿಲ್ಲ. ಮನುಷ್ಯ ಒಳ್ಳೆಯವನು ಅಂತ ಸಾಬೀತಾಯಿತು, ಗೋಲ್ಡಿಂಗ್ ಸುಳ್ಳು ಅಂತ ಹೇಳಲು ಇದನ್ನು ಬಳಸುತ್ತಾರೆ. ನನ್ನ ಗಮನ ಬೇರೆ ಕಡೆ ಹೋಯಿತು. ಅಟಾದಲ್ಲಿ ಇಬ್ಬರಿಗೆ ಜಗಳ ಬಂದರೆ ಇಬ್ಬರನ್ನೂ ದ್ವೀಪದ ಬೇರೆ ಬೇರೆ ತುದಿಗೆ ಕಳಿಸುತ್ತಿದ್ದರಂತೆ. ಸಿಟ್ಟು ಇಳಿದ ಮೇಲೆ ಬಂದು ಸೇರಿಕೊಳ್ಳಬೇಕು. ಕಾದಂಬರಿಯಲ್ಲೂ ಜಗಳವಾದವನು ಇನ್ನೊಂದು ತುದಿಗೆ ಹೋಗುತ್ತಾನೆ. ಅಲ್ಲಿ ತುದಿ ತಂಪಾಗಲು ಇತ್ತು, ಇಲ್ಲಿ ತುದಿ ರಾಜ್ಯವಾಯಿತು. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಅಟಾ ಮೊದಲಿಂದ ಖಾಲಿ ದ್ವೀಪ ಆಗಿರಲಿಲ್ಲ. 1863ರಲ್ಲಿ ಅಲ್ಲಿನ ಜನರನ್ನು ಗುಲಾಮರನ್ನಾಗಿ ಹಿಡಿದುಕೊಂಡು ಹೋದ ಮೇಲೆ ಖಾಲಿಯಾದದ್ದು. ಅವರು ಬಿಟ್ಟುಹೋದ ಕೆಸುವಿನ ಗಡ್ಡೆ, ಬಾಳೆ, ಕೋಳಿ ಆ ಆರು ಹುಡುಗರನ್ನು ಸಾಕಿದವು.

ಈ ಕಡೆಯಿಂದ ನೋಡಿದಾಗ ಗೋಲ್ಡಿಂಗ್ ಮೇಲೆ ನನಗೆ ದೂರು ಇದೆ. ಅವರ ದ್ವೀಪಕ್ಕೆ ಹಿಂದಿನ ಮಾಲೀಕರೇ ಇಲ್ಲ. ಬೆಟ್ಟದ ಮೇಲೆ ನಿಂತ ಮೊದಲ ದಿನವೇ ಹುಡುಗರು ಇದೆಲ್ಲ ನಮ್ಮದು ಅನ್ನುತ್ತಾರೆ, ಲೇಖಕರೂ ತಕರಾರು ಮಾಡುವುದಿಲ್ಲ. ಕೆಟ್ಟ ಹುಡುಗರನ್ನು ವರ್ಣಿಸಲು ಮೈಗೆ ಬಣ್ಣ ಹಚ್ಚಿದ ‘ಕಾಡುಜನ’ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಸಾಮ್ರಾಜ್ಯದ ಹಳೆಯ ಕನ್ನಡಕ ಹಾಗೇ ಉಳಿದಿದೆ. ಹೆಣ್ಣುಮಕ್ಕಳು ಒಬ್ಬರೂ ಇಲ್ಲ. ಚಿಕ್ಕ ಮಕ್ಕಳು ಹೆನ್ರಿ, ಪರ್ಸಿವಲ್‌ರಂಥ ಕೆಲವರನ್ನು ಬಿಟ್ಟರೆ ಬರೀ ಗುಂಪು. ಮುಖದ ಮೇಲೆ ಮಚ್ಚೆ ಇದ್ದ ಮಗುವೊಂದು ಮೊದಲ ಬೆಂಕಿಯ ದಿನವೇ ಕಾಣೆಯಾಗುತ್ತದೆ. ಪಿಗ್ಗಿ ಒಬ್ಬ ಅದನ್ನು ಕೇಳುತ್ತಾನೆ. ಆ ಸಾವಿನ ಲೆಕ್ಕ ಯಾರೂ ಕೊಡುವುದಿಲ್ಲ. ನಾನು ಮೇಲೆ ಎರಡು ಕೊಲೆ ಅಂದೆ. ಸಾವು ಅಂತ ಎಣಿಸಿದರೆ ಇದೂ ಸೇರುತ್ತದೆ.

ಕೊಳ್ಳುವವರಿಗೆ ಎರಡು ಮಾತು. ಹನ್ನೆರಡೇ ಅಧ್ಯಾಯ, ಸಣ್ಣ ಪುಸ್ತಕ. ಇಂಗ್ಲಿಷ್ ಕಷ್ಟ ಅಂತ ಹೆದರಬೇಡಿ. ಸಂಭಾಷಣೆ ಸುಲಭ, ಶಾಲೆ ಹುಡುಗರ ಮಾತು. ಕಾಡು, ಕಡಲು, ಬಂಡೆಯ ವರ್ಣನೆ ಮಾತ್ರ ದಟ್ಟ. ಅಲ್ಲಿ ಮೊಬೈಲಿನಲ್ಲಿ ಡಿಕ್ಷನರಿ ತೆರೆದಿಟ್ಟುಕೊಳ್ಳಿ. ಪುಟ ಹಾರಿಸಬೇಡಿ, ಕಥೆಯ ಬೀಗದ ಕೈ ಆ ವರ್ಣನೆಯಲ್ಲೇ ಇದೆ. ನಮ್ಮ ಮನೆಯ ಅಗ್ಗದ ಪ್ರತಿಯಲ್ಲಿ ಅಕ್ಷರ ಸಣ್ಣದು, ಬೆನ್ನಿನ ಅಂಟು ಆಗಲೇ ಬಿಟ್ಟಿದೆ. ನೂರಿನ್ನೂರು ಜಾಸ್ತಿ ಹೋದರೂ ಸ್ವಲ್ಪ ಒಳ್ಳೆಯ ಮುದ್ರಣ ತೆಗೆದುಕೊಳ್ಳಿ. ಹೈಸ್ಕೂಲ್ ಮುಗಿಸಿದ ಮಕ್ಕಳಿಗೆ ಕೊಡಬಹುದು. ಅದಕ್ಕಿಂತ ಚಿಕ್ಕವರಿಗೆ ಹಂದಿ ಕೊಲ್ಲುವ ಭಾಗ, ಸೈಮನ್ ಸಾಯುವ ಭಾಗ ಜಾಸ್ತಿಯಾಗುತ್ತದೆ. ಐದಕ್ಕೆ ನಾಲ್ಕು ನಕ್ಷತ್ರ. ಒಂದನ್ನು ಕಡಿಮೆ ಮಾಡಿದ್ದು ಖಾಲಿ ದ್ವೀಪದ ಆ ಸುಳ್ಳಿಗೆ, ಕನ್ನಡಕದ ಗಾಜಿಗಲ್ಲ.